ಅಪಸವ್ಯದ ಕುಚೇಲ

ಯುದ್ಧದ ಕಾಲ. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ಸಾಲು, ಪೆಟ್ರೋಲು ಸಿಗದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಅಂಥ ಹೊತ್ತಿನಲ್ಲಿ ಮಂಗಳೂರು ಕಡೆಯ ಒಂದು ಸಣ್ಣ ಸಿಗರೇಟು ಕಂಪನಿಗೆ ತನ್ನ ಪ್ರತಿ ಪ್ಯಾಕೆಟ್ಟಿನೊಳಗೂ ಒಂದೊಂದು ಬಣ್ಣದ ಚಿತ್ರ ಇಡಬೇಕೆಂಬ ಆಸೆ ಹುಟ್ಟಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಆ ಹೂ ಕಟ್ಟುವ ಕೆಲಸ ಕುಂದಾಪುರದ ನಮ್ಮ ಕಲ್ಲಚ್ಚಿನ ಪ್ರೆಸ್ಸಿಗೆ ಬಂತು. ಪ್ರೆಸ್ಸಿನಲ್ಲಿ ಚಿತ್ರ ಬರೆಯುವವನು ನಾನೊಬ್ಬನೇ. ಅಲ್ಲಿಯ ತನಕ ಹೆಂಚಿನ ಕಾರ್ಖಾನೆಯ ಮುದ್ರೆ, ಬೀಡಿ ಕಟ್ಟಿನ ಲೇಬಲ್ಲು, ನಾಟಕದ ಜಾಹೀರಾತು ಬರೆದುಕೊಂಡು ಹಾಯಾಗಿದ್ದೆ.

ಕಂಪನಿಯ ಏಜೆಂಟರು ಮಾದರಿಗೆಂದು ವಿಲಾಯತಿಯ ಹಳೆಯ ಕಾರ್ಡುಗಳನ್ನು ತಂದು ನನ್ನ ಮೇಜಿನ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಹರಡಿದರು. ಹಡಗುಗಳು, ಹಕ್ಕಿಗಳು, ಸೈನಿಕರು, ನಾಟಕದ ಹೆಂಗಸರು. ಒಂದೊಂದೂ ಎರಡು ಹೆಬ್ಬೆರಳು ಜೋಡಿಸಿದಷ್ಟು ಅಗಲ, ತೋರುಬೆರಳಿನಷ್ಟು ಉದ್ದ. ಅದರಲ್ಲಿ ಒಂದು ಮಿಂಚುಳ್ಳಿ ಇತ್ತು. ಬರಿಗಣ್ಣಿಗೆ ಬೆನ್ನು ಹೊಳೆಯುವ ನೀಲಿ. ಭೂತಗನ್ನಡಿ ಹಿಡಿದರೆ ಆ ನೀಲಿಯೇ ಇಲ್ಲ. ನೀಲಿ ಚುಕ್ಕಿ, ನಡುನಡುವೆ ಹಳದಿ ಚುಕ್ಕಿ, ಕೊಕ್ಕಿನ ಬುಡದಲ್ಲಿ ಒಂದಿಷ್ಟು ಕೆಂಪು ಚುಕ್ಕಿ, ಹೊಳಪು ಬೇಕಾದಲ್ಲಿ ಏನೂ ಇಲ್ಲ, ಬರೀ ಕಾಗದ. ಹಿಂದಿನ ಆಕಾಶ ಮೇಲಿನಿಂದ ಕೆಳಗೆ ಬರುತ್ತ ಎಲ್ಲಿ ತೆಳುವಾಯಿತು ಎಂದು ಬೆರಳಿಟ್ಟು ತೋರಿಸಲಿಕ್ಕೆ ಸಾಧ್ಯವಿರಲಿಲ್ಲ. ಬರೆದವನ ಹೆಸರು ಕಾರ್ಡಿನಲ್ಲಿ ಎಲ್ಲಿಯೂ ಇಲ್ಲ. ಸೇದಿ ಬಿಸಾಡುವ ವಸ್ತುವಿನ ಜೊತೆ ಹೋಗುವ ಚಿತ್ರಕ್ಕೆ ಪುಣ್ಯಾತ್ಮ ಅಷ್ಟು ಕಣ್ಣು ಸವೆಸಿದ್ದ. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ನಮಗೆ ಹಕ್ಕಿ ಬೇಡ, ಪುರಾಣ ಬೇಕು ಎಂದರು ಏಜೆಂಟರು. ಆದರೆ ದೊಡ್ಡ ದೇವರು ಯಾರೂ ಬೇಡವಂತೆ. ಖಾಲಿ ಪ್ಯಾಕೆಟ್ಟಿನ ಜೊತೆ ಕಾರ್ಡು ದಾರಿಯಲ್ಲಿ ಬಿದ್ದು ಯಾರಾದರೂ ತುಳಿದರೆ ಶಾಪ ಕಂಪನಿಗೆ. ಹಾಗಾಗಿ ಹರಿಶ್ಚಂದ್ರ, ನಳ, ಕರ್ಣ, ಧ್ರುವ, ಕುಚೇಲ, ಇಂಥವರು. ಇವರನ್ನು ತುಳಿದರೆ ಅಡ್ಡಿಯಿಲ್ಲವೋ ಎಂದು ನಾನು ಕೇಳಲಿಲ್ಲ. ಅಮ್ಮನಿಗೆ ಹೇಳಿದಾಗ ಆಕೆ, ಹರಿಶ್ಚಂದ್ರ ಸ್ಮಶಾನ ಕಾದದ್ದು ಸಾಲದೆಂದು ಈಗ ಸಿಗರೇಟಿನ ಹೊಗೆಯಲ್ಲೂ ನಿಲ್ಲಿಸುತ್ತೀರಾ ಎಂದು ನಕ್ಕಿದ್ದಳು. ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ನಾನೂ ಅಮ್ಮನೂ ಇದ್ದೆವು. ಅಪ್ಪ ಸತ್ತು ವರ್ಷಗಳಾಗಿದ್ದವು.

ಕೆಲಸದ ಕ್ರಮವನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಲ್ಲಚ್ಚಿನ ಕಲ್ಲು ಜರ್ಮನಿಯದು. ಬೂದು ಬಣ್ಣ, ಕೈಯಾಡಿಸಿದರೆ ಬೆಣ್ಣೆಯಂಥ ನುಣುಪು. ಅದರ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆದು, ಗೋಂದಿಗೆ ಚೂರು ಆ್ಯಸಿಡ್ಡು ಬೆರೆಸಿ ಸವರಿ, ನೀರಿನಿಂದ ಒದ್ದೆ ಮಾಡಿ ಮಸಿಯ ರೋಲರು ಎಳೆದರೆ ಬರೆದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಅಚ್ಚು. ಅಚ್ಚಿನಲ್ಲಿ ಎಡದ್ದು ಬಲಕ್ಕೆ ಹೋಗುತ್ತದೆ, ಬಲದ್ದು ಎಡಕ್ಕೆ. ಆದ್ದರಿಂದ ಕಲ್ಲಿನ ಮೇಲೆ ಎಲ್ಲವನ್ನೂ ತಿರುಗಿಸಿ ಬರೆಯಬೇಕು. ಅಕ್ಷರವನ್ನು, ಕತ್ತಿ ಹಿಡಿದ ಕೈಯನ್ನು, ಜನಿವಾರವನ್ನು. ಜನಿವಾರ ಎಡ ಹೆಗಲಿನಿಂದ ಇಳಿಯುವುದು ಸವ್ಯ, ಅದು ನಿತ್ಯದ ರೀತಿ. ಬಲ ಹೆಗಲಿಗೆ ಬದಲಿಸುವುದು ಅಪಸವ್ಯ, ಅದು ಸತ್ತವರ ಕೆಲಸಕ್ಕೆ ಮಾತ್ರ. ನಮ್ಮ ಕಲ್ಲುಗಳ ಮೇಲೆ ಋಷಿಮುನಿಗಳೆಲ್ಲ ಅಪಸವ್ಯದಲ್ಲೇ ಕೂತಿರುತ್ತಿದ್ದರು, ಕಾಗದಕ್ಕೆ ಬಂದ ಮೇಲೆ ಸರಿಯಾಗುತ್ತಿದ್ದರು. ಹೊಸಬರು ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ಅದರೊಳಗೆ ನೋಡುತ್ತ ಬರೆಯುತ್ತಾರೆ. ನನಗೆ ಕನ್ನಡಿ ಬೇಕಾಗುತ್ತಿರಲಿಲ್ಲ, ಕೈಗೇ ಅಭ್ಯಾಸವಾಗಿತ್ತು.

ಇನ್ನೊಂದು ತೊಂದರೆಯೆಂದರೆ ಕಲ್ಲಿನದು. ಯುದ್ಧ ನಡೆಯುತ್ತಿರುವುದೇ ಜರ್ಮನಿಯ ಜೊತೆ, ಇನ್ನು ಅಲ್ಲಿಂದ ಕಲ್ಲು ಬರುವುದು ಹೇಗೆ? ಇದ್ದ ಕೆಲವನ್ನೇ ಮತ್ತೆ ಮತ್ತೆ ಬಳಸುವುದು. ಒಂದು ಚಿತ್ರದ ಕೆಲಸ ಮುಗಿದ ಕೂಡಲೇ ಮರಳು ಹಾಕಿ ಉಜ್ಜಿ ಅಳಿಸಿ ಅದರ ಮೇಲೇ ಇನ್ನೊಂದು. ಉಜ್ಜಿ ಉಜ್ಜಿ ಕೆಲವು ಕಲ್ಲು ತೀರಾ ತೆಳುವಾಗಿದ್ದವು. ಪ್ರೆಸ್ಸಿನ ಧಣಿ ಅವುಗಳನ್ನು ಹೆತ್ತ ಮಕ್ಕಳಿಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದರು.

ಕರ್ಣ ಮುಗಿದು ಧ್ರುವನಿಗೆ ಬಣ್ಣದ ಚುಕ್ಕಿ ಇಡುತ್ತಿದ್ದೆ. ಆಗ ಬೊಂಬಾಯಿಯಿಂದ ಒಬ್ಬ ಮನುಷ್ಯ ಬಂದ. ನನ್ನ ತಮ್ಮ ಅಲ್ಲಿ ನಮ್ಮ ಕೋಟದ ಕಡೆಯವರ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಅವನಿಗೆ ಸಣ್ಣಮಾಣಿ ಎಂದೇ ಹೆಸರು. ಬಂದವನೂ ಅದೇ ಹೋಟೆಲಿನವನು, ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಪುಟ್ಟ ಮಡಕೆ. ಸಣ್ಣಮಾಣಿಗೆ ವಿಷಮಜ್ವರವಂತೆ. ಆಸ್ಪತ್ರೆಗೆ ಸೇರಿಸಿದರಂತೆ. ಊರಿಗೆ ತಿಳಿಸುವಷ್ಟು ಹೊತ್ತು ಸಿಗಲಿಲ್ಲವಂತೆ, ಸುಡುವುದನ್ನೆಲ್ಲ ಅವರೇ ಮುಗಿಸಿದರಂತೆ. ಹೇಳಿ ಮುಗಿಸಿ ಅವನು ಒಂದು ಲೋಟ ನೀರು ಕೇಳಿದ, ನಾನು ಬೆಲ್ಲವನ್ನೂ ಕೊಟ್ಟೆ.

ತಮ್ಮನಿಗೆ ಮದುವೆಯಾಗಿರಲಿಲ್ಲ. ಹಾಗಾಗಿ ನಾನೇ ತಲೆ ಬೋಳಿಸಿಕೊಂಡು ಹೊಳೆ ಬದಿಯಲ್ಲಿ ಕೂತೆ. ಪುರೋಹಿತರು ಅಪಸವ್ಯ ಎಂದಾಗ ಜನಿವಾರ ಬಲಕ್ಕೆ, ಸವ್ಯ ಎಂದಾಗ ಎಡಕ್ಕೆ. ದಿನವೂ ಅದೇ. ದುಃಖ ಬಂದೀತು ಎಂದು ಕಾದೆ, ಬರಲಿಲ್ಲ. ಮೈಯೆಲ್ಲ ಮರಗಟ್ಟಿದ ಹಾಗಿತ್ತು. ಪಿಂಡದ ಅನ್ನ ಸ್ವಲ್ಪ ಹೆಚ್ಚೇ ಬೆಂದಿದೆ ಎಂದು ಯೋಚಿಸಿದ್ದು ನೆನಪಿದೆ, ಬೇರೇನೂ ನೆನಪಿಲ್ಲ.

ಅಮ್ಮನೂ ಅಳಲಿಲ್ಲ. ಅವಳದು ಒಂದೇ ಮಾತು: ತಾನು ಮುಖ ನೋಡಲಿಲ್ಲ. ಒಂದು ಹಿಡಿ ಬೂದಿ ತೋರಿಸಿ ಇವನೇ ನಿನ್ನ ಮಗ ಎಂದರೆ ಹೇಗೆ ನಂಬುವುದು? ತಮ್ಮನ ಫೋಟೋ ಒಂದೂ ಇರಲಿಲ್ಲ. ಬೊಂಬಾಯಿಯಲ್ಲಿ ತೆಗೆಸಿ ಕಳಿಸುತ್ತೇನೆ ಎಂದು ಹೋದವನು ಕಳಿಸಿರಲಿಲ್ಲ. ಒಂದು ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದವಳು ನನ್ನ ಎದುರು ಕೂತಳು.

“ಊರ್ ಮೇಲಿನ ಚಿತ್ರ ಎಲ್ಲ ಬರಿತ್ಯಲ್ದಾ ಮಾಣಿ,” ಎಂದಳು. “ಅವ್ನ್ ಮುಖ ಒಂದ್ ಬರ್ದ್ ಕೊಡ್. ಒಂದ್ ಸಲ ಕಂಡ್ಕಂಡ್ರೆ ಸಾಕ್ ನಂಗೆ.”

ಬರೆದೆ. ಆಗಲಿಲ್ಲ. ಮೂಗು ಅವನದೇ. ಎಡ ಹುಬ್ಬಿನ ಸೀಳು ಅವನದೇ, ಚಿಕ್ಕಂದಿನಲ್ಲಿ ಬಾವಿಕಟ್ಟೆಯಿಂದ ಬಿದ್ದು ಆದದ್ದು. ನಗುವಾಗ ಒಂದು ಬದಿಗೆ ಏರುವ ತುಟಿಯೂ ಅವನದೇ. ಆದರೆ ಎಲ್ಲ ಸೇರಿದರೆ ಅವನಲ್ಲ. ಮತ್ತೆ ಬರೆದೆ, ಮತ್ತೆ ಹರಿದೆ. ಇಷ್ಟು ವರ್ಷ ದುಡಿದ ಕೈ ಬೇಕಾದ ಹೊತ್ತಿಗೆ ಕೈಕೊಟ್ಟಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಹರಿದದ್ದನ್ನು ಒಲೆಗೆ ಹಾಕುವುದನ್ನು ಅಮ್ಮ ನೋಡುತ್ತ ಕೂತಿದ್ದಳು. ಆಮೇಲೆ ಊಟಕ್ಕೆ ಕೂತವಳು ಅನ್ನ ಕಲಸಿ ಹಾಗೇ ಬಿಟ್ಟು ಏಳತೊಡಗಿದಳು. ದಿನದಿಂದ ದಿನಕ್ಕೆ ಇಳಿದುಹೋದಳು. ಹೀಗೇ ಆದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ತಿಳಿಯುತ್ತಿತ್ತು.

ಸೂತಕ ಕಳೆದು ಪ್ರೆಸ್ಸಿಗೆ ಹೋದೆ. ಧಣಿ ನನ್ನ ಬೋಳುತಲೆ ನೋಡಿ, ಕೂತ್ಕಣಿ ಎಂದರು, ಅಷ್ಟೆ. ಮುಂದಿನ ಚಿತ್ರ ಕುಚೇಲ.

ಕುಚೇಲನನ್ನು ದ್ವಾರಕೆಯ ಬಾಗಿಲಲ್ಲಿ ನಿಲ್ಲಿಸುವುದೆಂದು ಮೊದಲೇ ಯೋಚಿಸಿದ್ದೆ. ಹಿಂದೆ ಅರಮನೆ ಬರೀ ಹಳದಿ ಚುಕ್ಕಿಗಳಲ್ಲಿ ಮಂಜಿನ ಹಾಗೆ ಕರಗಬೇಕು, ಮುಂದೆ ಹರಿದ ಶಲ್ಯ, ಕಂಕುಳಲ್ಲಿ ಅವಲಕ್ಕಿಯ ಗಂಟು, ಬರಿಮೈ. ಬಡ ಬ್ರಾಹ್ಮಣನ ಎದೆಗೂಡು ಕಾಣಿಸಬೇಕು, ಆದರೆ ಗೆರೆ ಎಳೆದರೆ ಏಣಿಯ ಹಾಗೆ ಕಾಣುತ್ತದೆ. ಅದಕ್ಕೆ ಎಲುಬಿನ ಕೆಳಗೆ ಒತ್ತಾದ ಚುಕ್ಕಿ, ಎಲುಬಿನ ಮೇಲೆ ಖಾಲಿ ಕಾಗದ ಬಿಡುವುದು. ಮಿಂಚುಳ್ಳಿಯಿಂದ ಕದ್ದ ವಿದ್ಯೆ. ಸಾಮಾನ್ಯವಾಗಿ ಮೊದಲು ಕಾಗದದಲ್ಲಿ ಬರೆದು ಅದನ್ನು ಮಗುಚಿ ಕಲ್ಲಿಗೆ ಇಳಿಸುವುದು. ಆ ದಿನ ಅಷ್ಟು ತಾಳ್ಮೆ ಇರಲಿಲ್ಲ. ಜನಿವಾರ ಎಳೆದೆ, ಹೆಗಲು, ಎದೆ, ಆಮೇಲೆ ಮುಖ. ಚುಕ್ಕಿ ಇಡುತ್ತ ಹೋದೆ. ಯಾರ ಮುಖ ಎಂದು ಯೋಚಿಸಲಿಲ್ಲ. ಬೆನ್ನು ನೋಯುತ್ತದೆಂದು ತಲೆ ಎತ್ತಿ ನೋಡಿದರೆ ಕಲ್ಲಿನ ಮೇಲೆ ಸಣ್ಣಮಾಣಿ ಇದ್ದ.

ಸಂತೋಷವಾಯಿತು ಎಂದು ಹೇಳಲಾರೆ. ಕಳೆದುಹೋದ ಕೊಡೆ ಸಿಕ್ಕಿದ ಹಾಗಾಯಿತು. ಸದ್ಯ, ಅಮ್ಮನಿಗೆ ಕೊಡಬಹುದಲ್ಲ ಎನಿಸಿತು. ಪ್ರೆಸ್ಸಿನ ಚಕ್ರ ತಿರುಗಿಸುವ ಸಾಯ್ಬರು ಕಪ್ಪಿನಲ್ಲಿ ಪರೀಕ್ಷೆಗೆ ಎರಡು ಅಚ್ಚು ಎಳೆದರು. ಒಂದು ಧಣಿಗೆ, ಒಂದು ನನ್ನ ಕಿಸೆಗೆ. ಅಚ್ಚಿನಲ್ಲಿ ಅವನು ಬೇರೆ ಥರ ಕಂಡ. ಕಣ್ಣು ದಣಿದಿದೆ ಎಂದುಕೊಂಡೆ.

ಅಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

“ನಮ್ ಬದಿಯರ್ ಯಾರೋ ಕಂಡಾಂಗ್ ಇತ್ತ್,” ಎಂದಳು. “ಯಾರಾ ಇದ್?”

ಯಾರೂ ಅಲ್ಲ, ಕುಚೇಲ ಎಂದೆ. ಮಗನ ಮುಖ ಕೇಳಿದರೆ ಕಥೆಯವನನ್ನು ತಂದನಲ್ಲ ಎಂಬ ಹಾಗೆ ಕಾರ್ಡನ್ನು ನನ್ನ ಕೈಗೇ ವಾಪಸು ಕೊಟ್ಟು ಒಳಗೆ ಹೋದಳು. ಆ ಹೊತ್ತು ಅನ್ನ ಕಲಸಲೂ ಇಲ್ಲ.

ಮಾರನೆಯ ದಿನ ಏಜೆಂಟರು ಬಂದರು. ಒಂದೊಂದೇ ಅಚ್ಚು ನೋಡುತ್ತ, ತಲೆಯಾಡಿಸುತ್ತ ಬಂದವರು ಕುಚೇಲನಲ್ಲಿ ನಿಂತರು.

“ಭಟ್ರೇ, ಈ ಕುಚೇಲ ಯಾರ ತಿಥಿಗೆ ಹೊರಟದ್ದು?”

ಆಗ ಕಂಡಿತು. ಜನಿವಾರ ಬಲ ಹೆಗಲಿನಲ್ಲಿತ್ತು. ಹೊಳೆ ಬದಿಯಲ್ಲಿ ಅಷ್ಟು ದಿನ ಅಪಸವ್ಯದಲ್ಲಿ ಕೂತು ಬಂದ ನನ್ನ ಕೈಗೆ ಕಲ್ಲಿನ ಮೇಲೆ ಮತ್ತೊಂದು ಅಪಸವ್ಯ ಎಳೆಯಲಿಕ್ಕೆ ಆಗಿರಲಿಲ್ಲ. ಸವ್ಯವಾಗಿಯೇ ಎಳೆದುಬಿಟ್ಟಿದ್ದೆ. ಜನಿವಾರ ಹೇಗೋ ಹೆಗಲೂ ಹಾಗೆ, ಹೆಗಲು ಹೇಗೋ ಮುಖವೂ ಹಾಗೆ. ಇಡೀ ಮನುಷ್ಯ ಕಲ್ಲಿನ ಮೇಲೆ ನೇರವಾಗಿ ಇಳಿದಿದ್ದ, ಕಾಗದದಲ್ಲಿ ತಿರುಗಿದ್ದ. ಎಡ ಹುಬ್ಬಿನ ಸೀಳು ಬಲಕ್ಕೆ ಹೋಗಿತ್ತು, ತುಟಿ ಏರುವ ಬದಿ ಬದಲಾಗಿತ್ತು. ಹೆತ್ತವಳಿಗೆ ಗುರುತು ಸಿಗದೆ ಇದ್ದದ್ದರಲ್ಲಿ ಅವಳ ತಪ್ಪೇನು?

ಏಜೆಂಟರ ಕಣ್ಣು ಅಷ್ಟರಲ್ಲಿ ನನ್ನ ಬೋಳುತಲೆಯ ಮೇಲೆ ಬಿತ್ತು. ನಾಲಿಗೆ ಕಚ್ಚಿಕೊಂಡರು. ಆಮೇಲೆ ಮೆತ್ತಗೆ ಮಾತಾಡಿದರು, ಆದರೆ ಮಾತು ಬದಲಾಗಲಿಲ್ಲ. ಪ್ಯಾಕೆಟ್ಟು ತೆರೆದ ಕೂಡಲೇ ಸತ್ತವರ ಕೆಲಸದಲ್ಲಿರುವ ಬ್ರಾಹ್ಮಣ ಎದುರಾದರೆ ಜನ ಆ ಸಿಗರೇಟನ್ನೇ ಮುಟ್ಟುವುದಿಲ್ಲ, ಬೇರೆ ಬರೆಯಿರಿ, ನಾಳೆ ತಾನು ಹೊರಡುವ ಮುಂಚೆ ನೋಡಬೇಕು ಎಂದರು. ಖಾಲಿ ಕಲ್ಲು ಒಂದೂ ಇರಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಕುಚೇಲನನ್ನು ಉಜ್ಜಿ ಅಳಿಸಿ ಹೊಸದು ಶುರು ಮಾಡಿರಬೇಕು ಎಂದು ಧಣಿ ಹೇಳಿ, ಏಜೆಂಟರನ್ನು ಕರೆದುಕೊಂಡು ಮನೆಗೆ ಹೋದರು.

ನಾನು ಮಾಡಿನ ಕೆಳಗಿದ್ದ ಹಳೆಯ ಕನ್ನಡಿಯನ್ನು ತೆಗೆದು ಒರೆಸಿ ಅಚ್ಚನ್ನು ಅದರ ಎದುರು ಹಿಡಿದೆ. ಕನ್ನಡಿಯೊಳಗೆ ಸಣ್ಣಮಾಣಿ. ಅಮ್ಮನಿಗೆ ಹೀಗೇ ತೋರಿಸಬಹುದಿತ್ತು. ಆದರೆ ಅಪ್ಪ ಹೋದ ದಿನದಿಂದ ಅಮ್ಮ ಕನ್ನಡಿ ನೋಡಿದವಳಲ್ಲ. ನಮ್ಮಲ್ಲಿ ಗಂಡ ಸತ್ತವರು ನೋಡುವುದಿಲ್ಲ. ಮನೆಯಲ್ಲಿ ಕನ್ನಡಿಯೂ ಇರಲಿಲ್ಲ, ತಂದರೆ ಮುಖ ತಿರುಗಿಸುತ್ತಾಳೆ. ಕಲ್ಲಿನ ಮೇಲೆ ಅವನು ನೆಟ್ಟಗೇ ಇದ್ದ, ಆದರೆ ಅದನ್ನು ನೋಡಲು ಗಂಡಸರ ಪ್ರೆಸ್ಸಿಗೆ ಬರುವವಳೂ ಅಮ್ಮ ಅಲ್ಲ. ತೆಳು ಕಾಗದ ಇಟ್ಟು ತಿದ್ದಿ ಮಗುಚಿದೆ. ಗೆರೆ ಮಾತ್ರ ಬಂತು. ಮುಖ ಇದ್ದದ್ದು ಗೆರೆಯಲ್ಲಲ್ಲ, ಕೆನ್ನೆಯ ಚುಕ್ಕಿಗಳಲ್ಲಿ. ಅವು ಇನ್ನೊಮ್ಮೆ ನನ್ನ ಕೈಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಲ್ಲನ್ನು ಎಲ್ಲಾದರೂ ಅಡಗಿಸಿ ಒಡೆದುಹೋಯಿತು ಎನ್ನೋಣವೇ ಎಂದೂ ಅನಿಸಿತು. ಅಡಗಿಸಿ ಮಾಡುವುದೇನು, ಅಮ್ಮನಿಗೆ ಕಲ್ಲು ಹೊರಿಸುವುದೇ?

ಒಣಗಲು ಹಾಕಿದ ಬೀಡಿ ಲೇಬಲ್ಲುಗಳನ್ನು ಸಾಯ್ಬರು ಬಿಡಿಸಿಡುತ್ತ ಗೊಣಗುತ್ತಿದ್ದರು. ಮಸಿ ಒಣಗುವ ಮೊದಲೇ ಹಾಳೆಗಳನ್ನು ಒಂದರ ಮೇಲೊಂದು ಹೇರಿದರೆ ಒಂದರ ಚಿತ್ರ ಇನ್ನೊಂದರ ಬೆನ್ನಿಗೆ ಹತ್ತುತ್ತದೆ. ಪ್ರೆಸ್ಸಿನಲ್ಲಿ ಇದು ದಿನಾ ಆಗುವ ಪ್ರಮಾದ, ದಿನಾ ಅದಕ್ಕೆ ಬೈಗುಳ. ನಾನು ಒಂದು ಹಾಳೆ ಎತ್ತಿ ಬೆನ್ನು ನೋಡಿದೆ. ಬೆನ್ನಿಗೆ ಹತ್ತಿದ ಅಕ್ಷರಗಳು ಉಲ್ಟಾ ಇದ್ದವು. ಅಚ್ಚಿನಲ್ಲಿ ನೆಟ್ಟಗಿದ್ದದ್ದು ಬೆನ್ನಿಗೆ ಹತ್ತುವಾಗ ತಿರುಗಿತ್ತು. ಹಾಗಾದರೆ ಅಚ್ಚಿನಲ್ಲಿ ತಿರುಗಿರುವವನು ಹೀಗೆ ಹತ್ತಿದರೆ ನೆಟ್ಟಗಾಗಬೇಕು.

ಸಾಯ್ಬರಿಗೆ ವಿಷಯ ಹೇಳಿದೆ. ಅವರು ಕಲ್ಲಿನ ಅಂಚು ಬೆರಳಲ್ಲಿ ಅಳೆದು ನೋಡಿದರು. ಇರುವುದರಲ್ಲೇ ತೆಳುವಾದ ಕಲ್ಲು ಅದು. ಮಸಿ ಹೆಚ್ಚು ಕೊಟ್ಟು ಒತ್ತಡ ಹೆಚ್ಚು ಕೊಟ್ಟರೆ ಎರಡು ಹೋಳು ಆದೀತು.

“ಕಲ್ಲ್ ಒಡ್ದ್ರೆ ನಾಳಿಂದ ನೀವೂ ಇಲ್ಲ, ನಾನೂ ಇಲ್ಲ ಭಟ್ರೆ,” ಎಂದರು. “ಎಂತಕ್ ಇದೆಲ್ಲ?”

ಅಮ್ಮ ಉಣ್ಣುತ್ತಿಲ್ಲ ಎಂದೆ. ಅವರು ಮುಂಡಿನ ತುದಿಯಲ್ಲಿ ಕೈ ಒರೆಸಿಕೊಂಡು ಚಕ್ರದ ಹತ್ತಿರ ಹೋಗಿ ನಿಂತರು.

ಮೊದಲ ಸಲ ಕಾಗದವೇ ಮಸಿಯನ್ನೆಲ್ಲ ಕುಡಿಯಿತು. ಒದ್ದೆ ಅಚ್ಚಿನ ಮೇಲೆ ಖಾಲಿ ಕಾರ್ಡು ಕವುಚಿ ಒತ್ತಿದರೆ ಕಾರ್ಡಿಗೆ ಬಂದದ್ದು ಗೋಡೆಯ ಮೇಲಿನ ಹೊಗೆಯ ಕಲೆಯಷ್ಟೆ. ಎರಡನೆಯ ಸಲ ಮಸಿ ಹೆಚ್ಚು ಹಾಕಿದೆ. ಚುಕ್ಕಿಗಳು ಒಂದಕ್ಕೊಂದು ಸೇರಿ ಕೆನ್ನೆ ಕಪ್ಪಾಯಿತು, ಕಣ್ಣು ಮುಚ್ಚಿಹೋಯಿತು. ನೀರು ಹಾಕಿ ಹೆಚ್ಚಿನ ಮಸಿ ಬಿಡಿಸಿದೆವು. ಇನ್ನೊಮ್ಮೆ ಹೀಗಾದರೆ ಕಲ್ಲಿನ ಮೇಲಿನ ಚುಕ್ಕಿಗಳೇ ಕಲಸಿಹೋಗುತ್ತವೆ ಎಂದರು ಸಾಯ್ಬರು. ಮಸಿ ಕುಡಿಯದ ಕಾಗದ ಬೇಕಿತ್ತು. ಏಜೆಂಟರು ಬಿಟ್ಟುಹೋದ ಮಾದರಿ ಪ್ಯಾಕೆಟ್ಟು ಮೇಜಿನ ಮೇಲಿತ್ತು. ಸಿಗರೇಟಿಗೆ ಥಂಡಿ ಹಿಡಿಯದ ಹಾಗೆ ಒಳಗೆ ಸುತ್ತುವ ಮೇಣದ ಕಾಗದ ಅದರಲ್ಲಿತ್ತು. ಬಿಡಿಸಿ, ಮಡಿಕೆ ನೀವಿ, ಅದರ ಮೇಲೆ ಅಚ್ಚು ಎಳೆದೆವು. ಮಸಿ ಮೇಣದೊಳಗೆ ಇಳಿಯದೆ ಮೇಲೆಯೇ ನಿಂತಿತು. ತಡಮಾಡದೆ ಅದನ್ನು ಸ್ವಲ್ಪ ಒದ್ದೆ ಮಾಡಿದ ಕಾರ್ಡಿನ ಮೇಲೆ ಕವುಚಿ ಮತ್ತೆ ಪ್ರೆಸ್ಸಿಗೆ ಕೊಟ್ಟೆವು. ಸಾಯ್ಬರು ಉಸಿರು ಹಿಡಿದು ಚಕ್ರ ತಿರುಗಿಸಿದರು. ನಾನು ತುದಿಯಿಂದ ಬಿಡಿಸಿದೆ.

ಬೂದು ಬಣ್ಣ, ಸ್ವಲ್ಪ ಮಸುಕು. ಅರಮನೆ ಅರ್ಧ ಬಂದಿರಲಿಲ್ಲ. ಆದರೆ ಜನಿವಾರ ಎಡ ಹೆಗಲಿನಲ್ಲಿತ್ತು, ಸೀಳು ಎಡ ಹುಬ್ಬಿನಲ್ಲಿತ್ತು, ತುಟಿ ಏರಬೇಕಾದ ಬದಿಗೇ ಏರಿತ್ತು. ಸಾಯ್ಬರು ನೋಡಿ ಬೀಡಿ ಹಚ್ಚಲು ಹೊರಗೆ ಹೋದರು.

ಕಲ್ಲನ್ನು ನಾನೇ ಉಜ್ಜಿದೆ. ಸೀಮೆಎಣ್ಣೆಯಲ್ಲಿ ಮಸಿ ಒರೆಸಿ, ನೀರು ಚಿಮುಕಿಸಿ, ಜರಡಿ ಹಿಡಿದ ಮರಳು ಹಾಕಿ, ಮೇಲೆ ಇನ್ನೊಂದು ಕಲ್ಲಿಟ್ಟು ಸುತ್ತು ಸುತ್ತು ತಿರುಗಿಸುವುದು. ಮೇಲುಮೇಲೆ ಉಜ್ಜಿದರೆ ಹಳೆಯ ಚಿತ್ರ ಹೊಸ ಅಚ್ಚಿನಲ್ಲಿ ಮತ್ತೆ ಏಳುತ್ತದೆ, ಹಾಗಾಗಿ ಚೆನ್ನಾಗಿ ಉಜ್ಜಬೇಕು. ಚೆನ್ನಾಗಿಯೇ ಉಜ್ಜಿದೆ. ಕೈ ನೋಯುತ್ತಿತ್ತು, ಬೇರೆ ಏನೂ ಅನಿಸಲಿಲ್ಲ. ಧಣಿ ಬರುವಾಗ ಕಲ್ಲು ತೊಳೆದ ಬಟ್ಟಲಿನ ಹಾಗಿತ್ತು. ಹೊಸ ಕುಚೇಲನನ್ನು ಹೊಸಬನ ಹಾಗೆ ಕನ್ನಡಿ ಇಟ್ಟುಕೊಂಡು ಬರೆದೆ. ಯಾವುದೋ ಒಂದು ಮುಖ ಬಂತು. ಮಾರನೆಯ ದಿನ ನೋಡಿದ ಏಜೆಂಟರಿಗೆ ಅದು ಬಹಳ ಹಿಡಿಸಿತು. ಎದೆಗೂಡಿನ ಕೆಲಸವನ್ನಂತೂ ಎರಡೆರಡು ಸಲ ಹೊಗಳಿದರು.

ಕಲ್ಲು ಉಜ್ಜಿದ ಆ ಸಂಜೆ ಮನೆಗೆ ಹೋದಾಗ ಅಮ್ಮ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಕಾರ್ಡನ್ನು ಅವಳ ಮಡಿಲಲ್ಲಿಟ್ಟೆ. ನಿನ್ನೆಯದೇ ಕುಚೇಲ ಎಂದುಕೊಂಡು ಸುಮ್ಮನೆ ಎತ್ತಿಕೊಂಡಳು. ಆಮೇಲೆ ಅವಳ ಕೈ ನಿಂತಿತು.

ಮೊದಲು ಹೆಬ್ಬೆರಳಿನಿಂದ ಹುಬ್ಬು ಮುಟ್ಟಿದಳು. ಆಮೇಲೆ ಬೆರಳು ಕೆಳಗೆ ಇಳಿಯಿತು, ಕತ್ತಿಗೆ, ಹೆಗಲಿಗೆ, ಎದೆಗೆ. ಎದೆಯಲ್ಲಿ ನಿಂತಿತು. ಒಂದೊಂದೇ ಎಲುಬಿನ ಮೇಲೆ ಬೆರಳಾಡಿಸಿದಳು.

“ಎಷ್ಟ್ ಸಪೂರ ಆಯಿದ್ದ ಕಾಣ್ ನನ್ ಮಗು,” ಎಂದಳು. “ಹೋಟ್ಲಂಗ್ ಇದ್ದೂ ಹೊಟ್ಟಿಗ್ ಸಮಾ ಹಾಕ್ತಿರ್ಲಿಲ್ಯಾ ಅವ್ರ್?”

ಅದು ಕುಚೇಲನ ಎದೆಗೂಡಮ್ಮ, ನಾನು ಬರೆದದ್ದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳಿಗೆ ಅಳು ಬಂದಿತ್ತು. ಮಡಕೆ ಬಂದ ದಿನದಿಂದ ಬಾರದ್ದು. ಕಾರ್ಡು ಒದ್ದೆಯಾಗದ ಹಾಗೆ ಕೈಯನ್ನು ದೂರ ಚಾಚಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನೊಳಗೆ ಅಷ್ಟು ದಿನ ಮರಗಟ್ಟಿದ್ದದ್ದೂ ಆಗ ಸಡಿಲಿತು.

“ಹಾಕ್ತಿದ್ರ್ ಅಮ್ಮ,” ಎಂದೆ. “ಎರಡ್ ಹೊತ್ತೂ ಊಟ ಹಾಕ್ತಿದ್ರ್.”

ಅನ್ನ, ಸಾರು, ಪಲ್ಯ, ಮಜ್ಜಿಗೆ, ನಡುವೆ ತಿಂಡಿ ಬೇರೆ ಎಂದೆಲ್ಲ ಹೇಳುತ್ತ ಹೋದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು, ಹಬ್ಬಕ್ಕೆ ಪಾಯಸ ಮಾಡುತ್ತಿದ್ದರೋ ಎಂದು ವಿಚಾರಿಸಿದಳು, ಮಾಡುತ್ತಿದ್ದರು ಎಂದೆ. ಆ ಹೊತ್ತು ಅವಳು ನನ್ನ ಜೊತೆ ಕೂತು ಉಂಡಳು. ಬೊಂಬಾಯಿಯಲ್ಲಿ ಅವನು ಏನು ಉಣ್ಣುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ.